ಶೂನ್ಯ ಕೊಬ್ಬಿನ ಮಹಿಮೆ

ಪೊಟ್ಟಣದ ಮೇಲೆ 'ಕೊಬ್ಬು ಶೂನ್ಯ' ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ದಪ್ಪಗಾಗುವುದು ಆ ಅಕ್ಷರ ಮಾತ್ರ ಎಂದು ನಂಬಿ ಜನ ಎರಡೆರಡು ಕೊಳ್ಳುತ್ತಾರೆ. ಕಂಪನಿ ಸುಳ್ಳು ಹೇಳಿಲ್ಲ, ಪಾಪ. ಒಳಗೆ ಕೊಬ್ಬು ನಿಜಕ್ಕೂ ಇಲ್ಲ. ಅದನ್ನು ತೆಗೆದ ಮೇಲೆ ರುಚಿ ಕೆಡಬಾರದಲ್ವಾ, ಅದಕ್ಕೆ ಎಷ್ಟೋ ಪೊಟ್ಟಣಗಳಲ್ಲಿ ಒಂದಿಷ್ಟು ಸಕ್ಕರೆ ಸುರಿದಿರುತ್ತಾರೆ. ಕೊಬ್ಬು ತಯಾರಿಸುವ ಕೆಲಸವನ್ನು ಗಿರಾಕಿಗೇ ಒಪ್ಪಿಸಿದ್ದಾರೆ, ಅಷ್ಟೇ. (ಬರೀ ಸಕ್ಕರೆಯ ಮಿಠಾಯಿಗೂ ಇದೇ ಚೀಟಿ ಅಂಟಿಸುವವರಿದ್ದಾರೆ. ನಾಳೆ ಉಪ್ಪಿಗೂ ಅಂಟಿಸಬಹುದು.)

ಗಿರಾಕಿಯ ದೇಹ ಈ ಕೆಲಸದಲ್ಲಿ ಪಳಗಿದ ಕೈ. ಸಕ್ಕರೆ ರಕ್ತಕ್ಕೆ ಇಳಿದ ಕೂಡಲೇ ಅದನ್ನು ಕೂಡಿಡಿಸುವ ಹಾರ್ಮೋನು ಇನ್ಸುಲಿನ್ ಎದ್ದು ಬರುತ್ತದೆ. ಸಕ್ಕರೆ ಮೊದಲು ಗ್ಲೈಕೋಜೆನ್ ಆಗಿ, ಅಂದರೆ ಸರಪಳಿಯಂತೆ ಜೋಡಿಸಿಟ್ಟ ದಾಸ್ತಾನಾಗಿ, ಲಿವರ್ ಮತ್ತು ಸ್ನಾಯುಗಳನ್ನು ಸೇರುತ್ತದೆ. ಅಲ್ಲಿ ಜಾಗ ಕಮ್ಮಿ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಅದೂ ತುಂಬಿದರೆ ಲಿವರ್ ಸಕ್ಕರೆಯನ್ನು ಒಡೆದು ಕೊಬ್ಬಿನಾಮ್ಲ ಮಾಡುತ್ತದೆ. ಮೂರು ಕೊಬ್ಬಿನಾಮ್ಲವನ್ನು ಗ್ಲಿಸರಾಲ್ ಎಂಬ ಒಂದು ಪುಟ್ಟ ಅಣುವಿಗೆ ಕಟ್ಟಿದರೆ ಟ್ರೈಗ್ಲಿಸರೈಡ್ ರೆಡಿ. ಅದೇ ಸೊಂಟ ಸೇರುವ ಸರಕು.

ಆದರೆ ಈ ದಾರಿ ದುಬಾರಿ. ಸುಮಾರು ಕಾಲು ಭಾಗ ಶಕ್ತಿ ತಯಾರಿಕೆಗೇ ಖರ್ಚಾಗುತ್ತದೆ. ದೇಹವೇನು ದಡ್ಡನಾ? ಸಾಮಾನ್ಯವಾಗಿ ಅದು ಸಕ್ಕರೆಯನ್ನು ಉರಿಸಿಬಿಟ್ಟು, ಊಟದ ಜೊತೆ ಬಂದ ಕೊಬ್ಬನ್ನು ಮುಟ್ಟದೆ ಹಾಗೇ ಒಳಗಿಡುತ್ತದೆ. ಇನ್ಸುಲಿನ್ ಏರಿರುವಷ್ಟು ಹೊತ್ತು ಕೊಬ್ಬಿನ ಕೋಶದಿಂದ ಹೊರಗೆ ಬರುವ ದಾರಿಯೂ ಹೆಚ್ಚುಕಮ್ಮಿ ಬಂದ್. ಹಾಗಾಗಿ 'ಶೂನ್ಯ ಕೊಬ್ಬು' ತಿಂದವರ ಸೊಂಟದಲ್ಲಿ ಇರುವುದು ಆ ಪೊಟ್ಟಣದ ಕೊಬ್ಬಲ್ಲ. ಕಂಪನಿಯ ಮೇಲೆ ಕೇಸು ಹಾಕುವಂತೆಯೂ ಇಲ್ಲ!

ಕೊಬ್ಬನ್ನೇ ಯಾಕೆ ಕೂಡಿಡಬೇಕು ಅಂದರೆ, 1 ಗ್ರಾಂ ಕೊಬ್ಬಿನಲ್ಲಿ 9 ಕಿಲೋ ಕ್ಯಾಲರಿ. ಗ್ಲೈಕೋಜೆನ್‌ನಲ್ಲಿ 4, ಮೇಲೆ ತನ್ನ ಮೂರು ಪಟ್ಟು ನೀರನ್ನೂ ಹೊತ್ತುಕೊಂಡಿರುತ್ತದೆ.

ಇಷ್ಟು ಚೆನ್ನಾಗಿ ಕೂಡಿಟ್ಟಿದ್ದನ್ನು ಕರಗಿಸಲು ಇನ್ನೊಂದು ಕಂಪನಿ ಬೆವರಿನ ಬೆಲ್ಟ್ ಮಾರುತ್ತದೆ. ಸೊಂಟಕ್ಕೆ ಬಿಗಿದು ಸುಮ್ನೆ ಕೂತರೆ ಸಾಕಂತೆ. ಬೆವರು ಧಾರಾಳವಾಗಿ ಇಳಿಯುತ್ತದೆ. ತೂಕವೂ ಇಳಿಯುತ್ತದೆ, ಮುಂದಿನ ಲೋಟ ನೀರು ಕುಡಿಯುವವರೆಗೆ. ನಿಜವಾಗಿ 10 ಕಿಲೋ ಕೊಬ್ಬು ಉರಿದು ಹೋದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲೇ ಹೊರಗೆ ಹೋಗುತ್ತದೆ. ಉಳಿದದ್ದು ಮಾತ್ರ ನೀರು. ಈ ಲೆಕ್ಕ 2014ರಲ್ಲೇ ಅಚ್ಚಾಗಿದೆ. ಬೆಲ್ಟಿನವರ ಕಣ್ಣಿಗೆ ಇನ್ನೂ ಬಿದ್ದಿಲ್ಲ ಅಂತ ಕಾಣುತ್ತದೆ. ಬಿದ್ದ ದಿನ ಮೂಗಿಗೂ ಬೆಲ್ಟ್ ಬರುತ್ತದೆ. ಹೊಳ್ಳೆ ಎರಡಲ್ವಾ, ಜೋಡಿ ಲೆಕ್ಕದಲ್ಲೇ ಮಾರುತ್ತಾರೆ.