ಗೇಟು ಓಡಾಡುತ್ತದಾ ಮೇಡಂ?

ನಿನ್ನೆ ಸಂಜೆ ಬೀನ್ಸ್ ಹೆಚ್ಚುತ್ತಾ ಕೂತಿದ್ದೆ. ಪಕ್ಕದ ಕೋಣೆಯಲ್ಲಿ ಮಗಳ ಆನ್‌ಲೈನ್ ಇಂಗ್ಲಿಷ್ ಕ್ಲಾಸು. ಸೀ, ಲುಕ್, ವಾಚ್ ಪಾಠ. ಮೇಡಂ ಹೇಳಿದರು, "ಕನ್ನಡದಲ್ಲಿ ಮೂರಕ್ಕೂ ನೋಡು ಅಂತ ಒಂದೇ ಪದ. ಅದಕ್ಕೇ ನಿಮಗೆಲ್ಲ ಕನ್‌ಫ್ಯೂಸ್ ಆಗೋದು."

ನನ್ನ ಚಾಕು ಅಲ್ಲೇ ನಿಂತಿತು.

ಒಂದೇ ಪದ ಅಂತೆ! ಕ್ಲಾಸು ಶುರುವಾಗುವ ಐದು ನಿಮಿಷ ಮೊದಲು ಇದೇ ಮಗಳು ಪೆನ್ಸಿಲ್ ಹುಡುಕಿ ಬಂದು "ಎಲ್ಲಾ ಕಡೆ ನೋಡಿದೆ ಅಮ್ಮಾ, ಕಾಣ್ಲಿಲ್ಲ" ಅಂದಿದ್ದಳು. ನೋಡಿದೆ, ಕಾಣಲಿಲ್ಲ. ಲುಕ್ ಮಾಡಿದೆ, ಸೀ ಆಗಲಿಲ್ಲ. ಇನ್ನೇನು ಬೇಕು? ಬೇಕೆಂದೇ ಕಣ್ಣು ಹಾಯಿಸಿದರೆ ನೋಡು, ತಾನಾಗಿ ಕಣ್ಣಿಗೆ ಬಿದ್ದರೆ ಕಾಣು. "ನಾನು ನೋಡಿದೆ" ಅಂತೀವಿ, ಆದರೆ "ನನಗೆ ಕಾಣಿಸ್ತು" ಅಂತೀವಿ. ನಾನು ಅನ್ನುವುದೇ ನನಗೆ ಆಗಿಬಿಡುತ್ತದೆ. ಎಂಟು ವರ್ಷದ ಮಗುವಿನ ಬಾಯಲ್ಲಿ ಆಗಲೇ ಇರುವ ವ್ಯತ್ಯಾಸವನ್ನು ಬಿಟ್ಟು, ಹೊಸದಾಗಿ ರೂಲ್ ಬಾಯಿಪಾಠ ಮಾಡಿಸುತ್ತಾರೆ.

ರೂಲಾದರೂ ಸರಿ ಇದೆಯಾ? "ಚಲಿಸುವ ವಸ್ತುವನ್ನು ನೋಡಿದರೆ ವಾಚ್." ಹೌದಾ? ಹಾಗಾದರೆ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ರಾತ್ರಿಯಿಡೀ ಏನನ್ನು ವಾಚ್ ಮಾಡುತ್ತಾನೆ? ಗೇಟು ಎದ್ದು ಓಡಾಡುತ್ತದಾ? ವಾಚ್ ಮತ್ತು ವೇಕ್ ಎರಡಕ್ಕೂ ಮೂಲ ಒಂದೇ. ಎಚ್ಚರವಾಗಿ ಕೂರುವುದು, ಕಾಯುವುದು. ಏನಾದರೂ ಆದೀತು ಅಂತ ಕಣ್ಣಿಟ್ಟಿರುವುದು. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದವರಿಗೆ "ಬ್ಯಾಗ್ ಸ್ವಲ್ಪ ನೋಡಿ" ಅಂದರೆ ಅವರು ಬ್ಯಾಗಿನ ಬಣ್ಣ ನೋಡುತ್ತಾರೆ. "ನೋಡ್ಕೊಳ್ಳಿ" ಅಂದರೆ ಕಾಯುತ್ತಾರೆ. ಇದೂ ಕನ್ನಡವೇ ತಾನೇ?

ಇನ್ನು ಸಿನಿಮಾ ಚಲಿಸುತ್ತದೆ, ಆದರೂ "ಐ ಸಾ ಅ ಫಿಲ್ಮ್" ತಪ್ಪಲ್ಲ. ಆ ರೂಲ್ ನಂಬಿದ ಮಗು ಅದನ್ನು ತಪ್ಪು ಅಂದುಕೊಳ್ಳುತ್ತದೆ.

ಮುಂದಿನ ವಾರ ಹಿಯರ್, ಲಿಸನ್ ಬರುತ್ತದೆ. ಆಗಲೂ "ಕೇಳು ಅಂತ ಒಂದೇ ಪದ" ಅನ್ನುತ್ತಾರೆ, ಬೇಕಾದರೆ ಬೆಟ್. ಕೇಳಿಸಿದ್ದಕ್ಕೂ ಕೇಳಿಸಿಕೊಂಡಿದ್ದಕ್ಕೂ ವ್ಯತ್ಯಾಸ ಏನು ಅಂತ ಯಾವ ಗಂಡನನ್ನು ಕೇಳಿದರೂ ಹೇಳುತ್ತಾನೆ.

ಕುಂದಾಪುರದ ಗೆಳತಿಗೆ ಫೋನ್ ಮಾಡಿ ಇದನ್ನೆಲ್ಲ ಕಾರಿಕೊಂಡೆ. "ನಮ್ಮಲ್ಲಿ ಇಲ್ಲ್ ಕಾಣಿ ಅಂದ್ರೆ ಇಲ್ಲಿ ನೋಡಿ ಅಂತ ಮಾರಾಯ್ತಿ, ನಿನ್ನ ವ್ಯತ್ಯಾಸ ನಮ್ಮೂರಲ್ಲಿ ನಡೆಯಲ್ಲ" ಅಂದಳು. ಸರಿ, ಒಪ್ಪಿದೆ. ಕುಂದಾಪುರದ ಮಕ್ಕಳಿಗೆ ಬೇರೆ ದಾರಿ ಹುಡುಕೋಣ. ಮೇಡಂಗೆ ಆ ವಿಷಯವೂ ಗೊತ್ತಿರಲಿಕ್ಕಿಲ್ಲ.

ಕನ್ನಡ ಎಲ್ಲಾ ಕಡೆ ಕೈ ಹಿಡಿಯುತ್ತದೆ ಅಂತಲೂ ನಾನು ಹೇಳಲ್ಲ. ಹೇಳುವ ಮುಖವೂ ನನಗಿಲ್ಲ. ಮೊದಲ ಕೆಲಸದಲ್ಲಿ, ಹೊಸ ಟೀಮ್ ಲೀಡ್ ಹೇಗೆ ಅಂತ ಯಾರೋ ಕೇಳಿದರು. "ಮೂರು ತಿಂಗಳಿಂದ ನೋಡ್ತಾ ಇದ್ದೀನಿ" ಅನ್ನಬೇಕಿತ್ತು. "ಐ ಆಮ್ ಸೀಯಿಂಗ್ ಹಿಮ್ ಸಿನ್ಸ್ ತ್ರೀ ಮಂತ್ಸ್" ಅಂದೆ. ಆ ಮೀಟಿಂಗಿನಲ್ಲಿ ಆತನೂ ಇದ್ದ. ಸೀಯಿಂಗ್ ಅಂದರೆ ಪ್ರೀತಿ ಪ್ರೇಮ ಅಂತ ನನಗೆ ಗೊತ್ತಾಗಿದ್ದು ಊಟದ ಹೊತ್ತಿಗೆ. ಎರಡು ವಾರ ಕ್ಯಾಂಟೀನಿಗೆ ಹೋಗಲಿಲ್ಲ.

ಹಾಗಾಗಿ ಇಂಗ್ಲಿಷ್ ಸರಿಯಾಗಿ ಕಲಿಸಲಿ, ಜಾಸ್ತಿಯೇ ಕಲಿಸಲಿ. ಆದರೆ ಒಂದೇ ಪದ, ಒಂದೇ ಪದ ಅಂತ ಮೂಗು ಮುರಿಯುವುದು ಯಾಕೆ? ಹಾಗೆ ಲೆಕ್ಕ ಹಾಕಿದರೆ ನಾವು ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ. ಇಂಗ್ಲಿಷಿನಲ್ಲಿ ಮೂರಕ್ಕೂ ವೇರ್ ಸಾಕು. ಅದಕ್ಕಾಗಿ ಲಂಡನ್ನಿನವರು ಕನ್‌ಫ್ಯೂಸ್ ಆಗಿ ಹೂವನ್ನು ಸೊಂಟಕ್ಕೆ ಸುತ್ತಿಕೊಂಡಿದ್ದನ್ನು ನಾನಂತೂ ಕಂಡಿಲ್ಲ.

"ಪರೀಕ್ಷೆಗೆ ಸುಲಭ ಆಗ್ಲಿ ಅಂತ ಹಾಗೆ ಹೇಳ್ತಾರೆ ಬಿಡು" ಅಂದರು ನಮ್ಮ ಮನೆಯವರು. ಪೆನ್ಸಿಲ್ ಕತೆಗಿಂತ ಸುಲಭ ಯಾವುದು ಸ್ವಾಮಿ?

ಇಷ್ಟು ಟೈಪ್ ಮಾಡುವಷ್ಟರಲ್ಲಿ ಅಡುಗೆಮನೆಯಿಂದ ವಾಸನೆ. "ಹಾಲು ನೋಡ್ಕೋ" ಅಂತ ಅತ್ತೆ ಹೇಳಿದ್ದು ಕೇಳಿಸಿತ್ತು. ಕೇಳಿಸಿಕೊಂಡಿರಲಿಲ್ಲ. ಸ್ಟವ್ ಒರೆಸಿ ಬರುತ್ತೇನೆ, ಕಾಮೆಂಟಿಗೆ ಆಮೇಲೆ ಉತ್ತರ.