ಟವರ್ ಕೇಳಿದಾಗಲೇ ಫೋನ್ ಅಳತೆ ಕೊಡಬೇಕಾ? ಪರ – ವಿರೋಧ

ಫೋನ್ ಟವರಿಗೆ ಡೇಟಾ ಮಾತ್ರ ಕಳಿಸುವುದಿಲ್ಲ. ಆಗಾಗ ಎಸ್‌ಆರ್‌ಎಸ್ ಅನ್ನುವ ಒಂದು ಸಿಗ್ನಲನ್ನೂ ಕಳಿಸುತ್ತದೆ. ಅದರಲ್ಲಿ ಹೊಸ ಮಾಹಿತಿ ಏನೂ ಇಲ್ಲ, ಏನು ಬರುತ್ತದೆ ಅಂತ ಟವರಿಗೆ ಮೊದಲೇ ಗೊತ್ತು. ದಾರಿಯಲ್ಲಿ ಅದು ಎಷ್ಟು ಬದಲಾಗಿ ಬಂತು ಎಂದು ನೋಡಿ ಅಪ್‌ಲಿಂಕ್ ಚಾನೆಲ್, ಅಂದರೆ ಫೋನಿನಿಂದ ಟವರಿಗೆ ಬರುವ ದಾರಿ, ಹೇಗಿದೆ ಎಂದು ಟವರ್ ಲೆಕ್ಕ ಹಾಕುತ್ತದೆ. ಇದನ್ನು ಇಂತಿಷ್ಟು ಹೊತ್ತಿಗೊಮ್ಮೆ ಕಳಿಸುತ್ತಿರು ಅಂತ ಮೊದಲೇ ಹೇಳಿಡಬಹುದು. ಇಲ್ಲವೇ ಡಿಸಿಐ ಎಂಬ ಕಂಟ್ರೋಲ್ ಸಂದೇಶದ ಮೂಲಕ ಬೇಕಾದಾಗ ಒಮ್ಮೆ ಕೇಳಬಹುದು. ಮೊಬೈಲ್ ಜಾಲದ ನಿಯಮ ಬರೆಯುವ ಒಕ್ಕೂಟ 3ಜಿಪಿಪಿ, 2022ರಲ್ಲಿ ಮುಗಿದ ತನ್ನ ಆವೃತ್ತಿ ರಿಲೀಸ್ 17ರಲ್ಲಿ ಈ ಎರಡನೇ ದಾರಿಯನ್ನು ಇನ್ನಷ್ಟು ಸಡಿಲಗೊಳಿಸಿತು. ಅದು ಬೇಕಿತ್ತಾ?

ಪರ

ಬೇಕಿತ್ತು. 5ಜಿಯ ಮೊದಲ ಆವೃತ್ತಿಯಾದ ರಿಲೀಸ್ 15ರಲ್ಲೂ ಬೇಕಾದಾಗ ಕೇಳಬಹುದಿತ್ತು, ಆದರೆ ಟವರಿನ ಕೈ ಕಟ್ಟಿಹಾಕಿದ್ದರು. ಡಿಸಿಐ ಬಂದ ಮೇಲೆ ಎಷ್ಟನೇ ಸ್ಲಾಟಿನಲ್ಲಿ (ಸಮಯದ ಸಣ್ಣ ತುಂಡು) ಎಸ್‌ಆರ್‌ಎಸ್ ಹೋಗಬೇಕು ಎಂಬುದನ್ನು ಫೋನಿನ ಸೆಟ್ಟಿಂಗ್ ಹೇಳುವ ಆರ್‌ಆರ್‌ಸಿ ಸಂದೇಶದಲ್ಲಿ ಮೊದಲೇ ಬರೆದಿಡಬೇಕು. ಆಮೇಲೆ ಕೇಳುವಾಗ ಡಿಸಿಐ ಅದನ್ನು ಬದಲಿಸಲಾಗದು.

ಒಂದೇ ಫ್ರೀಕ್ವೆನ್ಸಿಯಲ್ಲಿ ಟವರ್ ಮತ್ತು ಫೋನ್ ಸರದಿಯಲ್ಲಿ ಕಳಿಸುವ ಟಿಡಿಡಿಯಲ್ಲಿ ಇದು ಎಷ್ಟು ಕಾಡುತ್ತದೆ ನೋಡಿ. 3.5 ಗಿಗಾಹರ್ಟ್ಜ್ ಆಸುಪಾಸಿನಲ್ಲಿ ಐದು ಸ್ಲಾಟಿನ ಒಂದು ಜೋಡಣೆ ಸಾಮಾನ್ಯ: ಮೊದಲ ಮೂರು ಡೌನ್‌ಲಿಂಕ್ (ಟವರಿನಿಂದ ಫೋನಿಗೆ), ನಾಲ್ಕನೆಯದು ಎರಡೂ ಇರುವ ಮಿಶ್ರ, ಐದನೆಯದು ಅಪ್‌ಲಿಂಕ್. ಸ್ಲಾಟಿಗೆ ಅರ್ಧ ಮಿಲಿಸೆಕೆಂಡ್. ಅಂತರ 2 ಅಂತ ಬರೆದಿದೆ ಅಂದುಕೊಳ್ಳಿ. ಮೂರನೇ ಸ್ಲಾಟಿನಿಂದ ಕೇಳಿದರೆ ಸರಿಯಾಗಿ ಐದನೆಯದಕ್ಕೆ ಬೀಳುತ್ತದೆ. ಮೊದಲನೆಯದರಿಂದ ಕೇಳಿದರೆ ಡೌನ್‌ಲಿಂಕ್ ಸ್ಲಾಟಿಗೆ ಬಿದ್ದು ವ್ಯರ್ಥ. ಹಾಗಾಗಿ ಎಲ್ಲ ಫೋನುಗಳ ಡಿಸಿಐ ಒಂದೆರಡು ಸ್ಲಾಟಿಗೇ ನುಗ್ಗುತ್ತವೆ. ಪಕ್ಕದ ಸ್ಲಾಟುಗಳ ಕಂಟ್ರೋಲ್ ಚಾನೆಲ್ ಖಾಲಿ ಇದ್ದರೂ ಉಪಯೋಗವಿಲ್ಲ.

ರಿಲೀಸ್ 17 ಎಣಿಕೆಯನ್ನೇ ಬದಲಿಸಿತು. ಎಲ್ಲ ಸ್ಲಾಟನ್ನೂ ಎಣಿಸಬೇಡ, ಎಸ್‌ಆರ್‌ಎಸ್ ಕಳಿಸಲು ಜಾಗ ಇರುವ ಸ್ಲಾಟುಗಳನ್ನಷ್ಟೇ ಎಣಿಸು. ಅವುಗಳಲ್ಲಿ ಎಷ್ಟನೆಯದು ಎಂಬುದನ್ನು ಡಿಸಿಐನ ಹೆಚ್ಚೆಂದರೆ 2 ಬಿಟ್ ಹೇಳುತ್ತವೆ. ಈಗ ಯಾವ ಡೌನ್‌ಲಿಂಕ್ ಸ್ಲಾಟಿನಿಂದಲಾದರೂ ಕೇಳಬಹುದು. ನನಗೆ ಇದಕ್ಕಿಂತಲೂ ಹಿಡಿಸಿದ್ದು ಇನ್ನೊಂದು ಸಣ್ಣ ತಿದ್ದುಪಡಿ: ಫೋನಿನಿಂದ ಕಳಿಸಬೇಕಾದ ಡೇಟಾ ಇಲ್ಲದಿದ್ದರೂ ಅಪ್‌ಲಿಂಕ್ ಡಿಸಿಐ ಬರೀ ಎಸ್‌ಆರ್‌ಎಸ್ ಕೇಳಬಹುದು.

ಇಷ್ಟೆಲ್ಲ ಯಾಕೆ? ಟಿಡಿಡಿಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಫ್ರೀಕ್ವೆನ್ಸಿ ಒಂದೇ. ಅಪ್‌ಲಿಂಕ್ ಅಳತೆ ನೋಡಿಯೇ ಟವರ್ ತನ್ನ 64 ಆಂಟೆನಾಗಳ ಡೌನ್‌ಲಿಂಕ್ ಬೀಮನ್ನು ಫೋನಿನತ್ತ ತಿರುಗಿಸಬಹುದು. ಫೈಲ್ ಡೌನ್‌ಲೋಡ್ ಶುರುವಾಗುವ ಹೊತ್ತಿಗೆ ತಾಜಾ ಅಳತೆ ಬೇಕು. ಡೇಟಾನೇ ಇಲ್ಲದ ಫೋನಿನಿಂದ ಅವಧಿಗೊಮ್ಮೆ ಅಳತೆ ತರಿಸಿಕೊಂಡರೆ ಜಾಗವೂ ಹಾಳು, ಅದರ ಬ್ಯಾಟರಿಯೂ ಹಾಳು.

ವಿರೋಧ

ಕೇಳುವುದು ಪುಕ್ಕಟೆ ಅಲ್ವಲ್ಲ. ಅವಧಿಯ ಎಸ್‌ಆರ್‌ಎಸ್‌ಗೆ ಒಮ್ಮೆ ಹೇಳಿಟ್ಟರೆ ಮುಗಿಯಿತು, ಆಮೇಲೆ ಡಿಸಿಐ ಬೇಡ. ಪೇಪರ್ ಹಾಕುವ ಹುಡುಗನಿಗೆ ದಿನಾ ಬೆಳಗ್ಗೆ ಫೋನ್ ಮಾಡಿ ‘ಇವತ್ತೂ ಹಾಕಪ್ಪಾ’ ಅನ್ನುವವರು ಯಾರಿದ್ದಾರೆ? ಸೆಲ್ಲಿನ ಅಂಚಿನಲ್ಲಿರುವ ಫೋನಿಗೆ ಒಂದು ಡಿಸಿಐ ಮುಟ್ಟಿಸಲು ಕಂಟ್ರೋಲ್ ಚಾನೆಲ್ಲಿನ ಜಾಗದ ಅಳತೆಯಾದ ಸಿಸಿಇ 16ರವರೆಗೂ ಬೇಕಾಗಬಹುದು. ಒಂದೊಂದು ಸಿಸಿಇ ಅಂದರೆ 72 ರಿಸೋರ್ಸ್ ಎಲಿಮೆಂಟ್ (ಸಿಗ್ನಲ್ ಜಾಗದ ಅತಿ ಸಣ್ಣ ತುಂಡು). ಡೇಟಾ ಇಲ್ಲದೆ ಬರೀ ಅಳತೆ ಕೇಳುವ ಡಿಸಿಐ ಅಂದರೆ ಈ ಖರ್ಚು ಪೂರ್ತಿ ಒಂದು ಪ್ರಶ್ನೆಗೇ.

ಮುಟ್ಟದಿದ್ದರೆ? ಫೋನ್ ಸುಮ್ಮನಿರುತ್ತದೆ. ಟವರ್ ಮಾತ್ರ ಆ ಜಾಗದಲ್ಲಿ ಎಸ್‌ಆರ್‌ಎಸ್ ಇದೆ ಎಂದುಕೊಂಡು ಬರೀ ಗದ್ದಲವನ್ನು ಅಳೆಯುತ್ತದೆ. ಬಂದೇ ಇಲ್ಲ ಎಂದು ಪತ್ತೆಹಚ್ಚುವ ಜಾಣತನ ಇಲ್ಲದಿದ್ದರೆ ಮುಂದಿನ ಬೀಮ್ ಎತ್ತಲೋ ಹೋಗುತ್ತದೆ.

ತಾಜಾತನದ ವಾದವೂ ಅರ್ಧ ಸತ್ಯ. 3.5 ಗಿಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ ಸುಮಾರು 8.6 ಸೆಂಟಿಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ ಅದರ ಅರ್ಧ ದೂರವನ್ನು 2.6 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಚಾನೆಲ್ ಬೇರೆಯೇ ಆಗಿರಬಹುದು. ಮೇಲಿನ ಜೋಡಣೆಯೊಂದು ಮುಗಿಯಲು ಬೇಕಾದ್ದು 2.5 ಮಿಲಿಸೆಕೆಂಡ್. ‘ಮೂರನೆಯ ಖಾಲಿ ಸ್ಲಾಟಿನಲ್ಲಿ ಕಳಿಸು’ ಅಂತ ಮುಂದೂಡುವ ಸ್ವಾತಂತ್ರ್ಯ ಈ ಬಸ್ಸಿನಲ್ಲಿ ಕೂತವರಿಗೆ ಯಾವ ಪ್ರಯೋಜನಕ್ಕೆ? ಮೇಜಿನ ಮೇಲಿಟ್ಟ ಫೋನಿಗೋ, ನಿಧಾನವಾದ ಅವಧಿಯ ಎಸ್‌ಆರ್‌ಎಸ್ ಧಾರಾಳ ಸಾಕು.

ನನ್ನ ಮುಖ್ಯ ತಕರಾರು ಬೇರೆ. ಕೊರತೆ ಇರುವುದು ಅಪ್‌ಲಿಂಕ್ ಜಾಗದಲ್ಲಿ. ಐದು ಸ್ಲಾಟಿನಲ್ಲಿ ಒಂದು ಅಪ್‌ಲಿಂಕ್, ಜೊತೆಗೆ ಮಿಶ್ರ ಸ್ಲಾಟಿನ ಕೊನೆಯ ಕೆಲವು ಸಿಂಬಲ್ (ಸ್ಲಾಟಿನೊಳಗಿನ ತುಂಡುಗಳು), ಅಷ್ಟೇ. ಡಿಸಿಐ ಎಷ್ಟು ಸ್ಲಾಟಿನಿಂದ ಹೊರಟರೂ ಉತ್ತರಗಳೆಲ್ಲ ಬಂದು ಸೇರುವುದು ಈ ಇಕ್ಕಟ್ಟಿಗೇ. ಬೇಕಾದಾಗ ಮಾತ್ರ ಕೇಳಿದರೆ ಉಳಿತಾಯ ಅನ್ನುವುದು ಫೋನುಗಳು ಸುಮ್ಮನಿದ್ದಾಗ ನಿಜ. ಜನ ಜಾಸ್ತಿ ಸೇರಿ ಎಲ್ಲರೂ ವಿಡಿಯೋ ನೋಡುವಾಗ ಎಲ್ಲರನ್ನೂ ಕೇಳಲೇಬೇಕು. ಅದೇ ರಿಲೀಸ್ 17ರಲ್ಲಿ ಬ್ಯಾಂಡಿನ ಒಂದು ಪಾಲಿನಲ್ಲಷ್ಟೇ ಎಸ್‌ಆರ್‌ಎಸ್ ಕಳಿಸುವ ವ್ಯವಸ್ಥೆಯೂ ಬಂತು. ಒಂದೇ ಜಾಗದಲ್ಲಿ ಜಾಸ್ತಿ ಫೋನುಗಳಿಗೆ ಅವಕಾಶ ಕೊಡುವುದು ಅದು. ಯಾವ ಫೋನಿಗೆ ಯಾವಾಗ ಜಾಗ ಎಂದು ಹಂಚುವ ಟವರಿನ ಶೆಡ್ಯೂಲರ್ ಬರೆಯುವವರ ಸಮಯವನ್ನು ಮೊದಲು ಅಲ್ಲಿ ಹಾಕಬೇಕಿತ್ತು.