ದುಡ್ಡು ಕೊಟ್ಟು ಮಾಡಿದ ಕೂಲಿ

ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸುವ ಕಾಲಕ್ಕೆ ಮನೆಯಿಂದ ತಪ್ಪಿಸಿಕೊಳ್ಳಲು ತೀರ್ಥಹಳ್ಳಿ ಕಡೆಯ ಹುಡುಗರಿಗೆ ಜ್ವರ, ಮದುವೆ, ಪರೀಕ್ಷೆ ಹೀಗೆ ಹಲವು ನೆಪಗಳಿವೆ. ನಾನು ಕಂಡುಕೊಂಡದ್ದು ನೇಪಾಳ. ಅಲ್ಲಿನ ಒಂದು ಹಳ್ಳಿಗೆ ಕುಡಿಯುವ ನೀರು ತರುವ ಕೆಲಸಕ್ಕೆ ಸ್ವಯಂಸೇವಕರು ಬೇಕಂತೆ, ಎರಡು ವಾರ, 30,000 ರೂಪಾಯಿ ಎಂದೆ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದ ಅಮ್ಮ ತಲೆ ಎತ್ತಿದಳು.

"ಎರಡು ವಾರಕ್ಕೆ ಅಷ್ಟು ಕೊಡುತ್ತಾರಾ?"

"ಅವರು ಕೊಡುವುದಲ್ಲ ಅಮ್ಮಾ, ನಾವು ಕೊಡುವುದು."

ಅಮ್ಮ ನಾಲ್ಕು ಅಡಿಕೆ ಸುಲಿಯುವವರೆಗೆ ಮಾತಾಡಲಿಲ್ಲ. ಆಮೇಲೆ, "ನಮ್ಮ ಕೊನೆಗಾರನೂ ಹಾಗೇ ಬರುತ್ತಾನೋ ಒಂದು ಮಾತು ಕೇಳಿ ನೋಡು" ಎಂದಳು.

ನಮ್ಮವರಿಗೆ ನೇಪಾಳಕ್ಕೆ ವೀಸಾ ಬೇಡ, ವಿಮಾನಕ್ಕೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. "ಓಟು ಹಾಕಲಂತೂ ಊರಿಗೆ ಬರಲಿಲ್ಲ, ಕಾರ್ಡಿಗೆ ಇಷ್ಟಾದರೂ ಪ್ರಯೋಜನವಾಯಿತು" ಎಂದು ಅಪ್ಪಯ್ಯ ಎಲೆಅಡಿಕೆಯ ಕವಳ ಹಾಕಿಕೊಂಡರು. ಅದು ಅವರ ಆಶೀರ್ವಾದ.

2024ರ ನವೆಂಬರಿನಲ್ಲಿ ಹೊರಟವನು ಕಠ್ಮಂಡುವಿನಲ್ಲಿ ಇಳಿದಾಗ ಅಲ್ಲಿ 2081 ನಡೆಯುತ್ತಿತ್ತು. ಅವರದು ವಿಕ್ರಮ ಶಕೆಯ ಲೆಕ್ಕ. ಗಡಿಯಾರ ಮಾತ್ರ ನಮಗಿಂತ 15 ನಿಮಿಷವಷ್ಟೇ ಮುಂದೆ. ಆ 15 ನಿಮಿಷವನ್ನು ಮರೆತು ಗೋರ್ಖಾಕ್ಕೆ ಹೋಗುವ ಬಸ್ಸನ್ನು ತಪ್ಪಿಸಿಕೊಂಡೆ. ಐವತ್ತೇಳು ವರ್ಷವನ್ನು ಸರಿದೂಗಿಸಿಕೊಂಡವನಿಗೆ ಕಾಲು ಗಂಟೆ ಕೈಕೊಟ್ಟಿತು.

2015ರ ಏಪ್ರಿಲ್ ಭೂಕಂಪದ ಕೇಂದ್ರ ಇದ್ದದ್ದು ಆ ಗೋರ್ಖಾ ಜಿಲ್ಲೆಯಲ್ಲಿಯೇ. ನೆಲ ನಡುಗಿದಾಗ ಮನೆಗಳು ಬಿದ್ದದ್ದು ಎಲ್ಲರಿಗೂ ಕಂಡಿತು. ಎಷ್ಟೋ ಕಡೆ ಒರತೆಗಳು ಬತ್ತಿ, ಗುಡ್ಡದ ಇನ್ನೆಲ್ಲೋ ಹೊಸದಾಗಿ ಜಿನುಗಿದ್ದು ಕಂಡದ್ದು ಕೊಡ ಹೊರುವ ಹೆಂಗಸರಿಗೆ. ನಾವು ಹೋದ ಹಳ್ಳಿಯದೂ ಇದೇ ಕಥೆ. ಮೇಲಿನ ಒರತೆಯಿಂದ ಊರಿಗೆ ಪೈಪು ಹೂಳಬೇಕಿತ್ತು. ನನ್ನ ಜೊತೆ ಯುರೋಪಿನ ನಾಲ್ವರಿದ್ದರು.

ಮೊದಲ ದಿನ ಪಿಕಾಸಿ ಹಿಡಿದು ಅರ್ಧ ಗಂಟೆಯಲ್ಲಿ ನನ್ನ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದವು. ಅಜ್ಜಿಯ ವಯಸ್ಸಿನ ಒಬ್ಬ 'ಆಮಾ' (ನೇಪಾಳಿಯಲ್ಲಿ ಅಮ್ಮ) ಬಂದು, ಮಗುವಿನ ಕೈಯಿಂದ ಚಾಕು ಕಸಿದುಕೊಳ್ಳುವಂತೆ ಪಿಕಾಸಿ ಕಸಿದುಕೊಂಡು, ನಾನು ಬೆಳಗಿನಿಂದ ಕೆರೆದದ್ದರ ಎರಡರಷ್ಟನ್ನು ಚಹಾ ಬರುವುದರೊಳಗೆ ಅಗೆದಿಟ್ಟಳು. ಅಂದಿನಿಂದ ಪೈಪಿನ ತುದಿ ಹಿಡಿದು ನಿಲ್ಲುವುದು ನನ್ನ ಸೇವೆ.

ಊಟದಲ್ಲಿ ಮಾತ್ರ ನಾನೇ ಮುಂದೆ. ಎರಡು ಹೊತ್ತೂ ದಾಲ್ ಭಾತ್. ಎಂಜಲಿಗೆ ಅಲ್ಲಿ 'ಜುಠೋ' ಎನ್ನುತ್ತಾರೆ, ಮಡಿ ನಮ್ಮ ಅಜ್ಜಿಯದ್ದೇ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿದದ್ದಕ್ಕೆ ಇಡೀ ಮನೆ ನನ್ನನ್ನು ಮೆಚ್ಚಿತು. ಯುರೋಪಿನವರ ಮೂಗಿಗೆ ನೀರು ಹೋಯಿತು. ಸಾಕು ಎನ್ನಲು 'ಪುಗ್ಯೋ' ಎನ್ನಬೇಕೆಂದು ಮೂರನೆಯ ದಿನ ತಿಳಿಯಿತು. ಅದುವರೆಗೆ ನಾನು ಕನ್ನಡದಲ್ಲಿ ಸಾಕು ಸಾಕು ಎಂದಷ್ಟೂ ಅವರು ಬಡಿಸಿದ್ದರು.

ಹನ್ನೆರಡನೆಯ ದಿನ ಪೈಪು ಜೋಡಿಸಿ ಮುಗಿಯಿತು. ಊರೆಲ್ಲ ನಲ್ಲಿಯ ಸುತ್ತ ಸೇರಿತು. ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮೇಲೆ ತೊಟ್ಟಿ ತುಂಬಿ ಹರಿಯುತ್ತಿದೆ, ಕೆಳಗೆ ಹನಿ ಇಲ್ಲ. ಉಸ್ತುವಾರಿಯವನು ನಕ್ಷೆ ಬಿಡಿಸಿದ. ನಾನು ಅಪ್ಪಯ್ಯನಿಗೆ ವಾಟ್ಸಾಪ್ ಕರೆ ಮಾಡಿದೆ.

ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆಯ ಸೆರಗಿನಲ್ಲಿದ್ದರೂ, ಮಾರ್ಚ್ ಬಂತೆಂದರೆ ಗುಡ್ಡದಿಂದ ಇಳಿಯುವ ಅಬ್ಬಿ ನೀರನ್ನು ಕೊಡ ಎಣಿಸಿ ಬಳಸುವವರು ನಾವು. ಗುಡ್ಡದ ಅಬ್ಬಿಯಿಂದ ಮನೆಯ ಹಂಡೆಗೆ ನೀರು ತರುವುದು ಅಪ್ಪಯ್ಯನಿಗೆ ಸಂಧ್ಯಾವಂದನೆಗಿಂತ ದೊಡ್ಡ ನೇಮ. ಮೊದಲು ಅಡಿಕೆ ಮರ ಸೀಳಿದ ದಬ್ಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ.

"ನಡುವೆ ಪೈಪು ಎಲ್ಲಾದರೂ ದಿಣ್ಣೆ ಹತ್ತಿ ಇಳಿದಿದೆಯಾ?"

"ಹೌದು."

"ಏರ್ ಹಿಡಿದಿದೆ ಮಾರಾಯ. ದಿಣ್ಣೆಯ ನೆತ್ತಿಯಲ್ಲಿ ಕಾಯಿಸಿದ ಮೊಳೆಯಿಂದ ಒಂದು ತೂತು ಮಾಡು. ಗಾಳಿ ಹೋಗಿ ನೀರು ಚಿಮ್ಮಿದ ಮೇಲೆ ಕಡ್ಡಿ ಬಡಿ. ಇಡು, ನನಗೆ ಕೆಲಸವಿದೆ."

ಹಾಗೇ ಮಾಡಿದೆವು. ನೀರು ಬಂತು. ಚಪ್ಪಾಳೆ, ಹಣೆಗೆ ಕುಂಕುಮ ಕಲಸಿದ ಅಕ್ಕಿಯ ಟೀಕಾ, ಕೊರಳಿಗೆ ಸೇವಂತಿಗೆ ಹಾರ. ಯುರೋಪಿನವರು ನನ್ನನ್ನು ಎಂಜಿನಿಯರ್ ಎಂದು ಕರೆದರು. ನಾನೂ ತಿದ್ದಲು ಹೋಗಲಿಲ್ಲ.

ಊರಿಗೆ ಮರಳಿ ಚೀಲ ಇಳಿಸುವ ಮೊದಲೇ ಅಪ್ಪಯ್ಯ ಮೊಳೆ, ಬೆಂಕಿಪೊಟ್ಟಣ ಎರಡನ್ನೂ ಕೈಗಿಟ್ಟರು. ನಮ್ಮ ಅಬ್ಬಿ ಪೈಪಿನಲ್ಲೂ ಮೂರು ದಿನದಿಂದ ನೀರಿಲ್ಲ.

"ನೀವೇ ಸರಿ ಮಾಡಬಹುದಿತ್ತಲ್ಲ?"

"30,000 ಕೊಟ್ಟು ಕಲಿತದ್ದು ಮರೆತುಹೋಗಬಾರದು."

ಗುಡ್ಡ ಹತ್ತಿದೆ. ದಿಣ್ಣೆಯ ನೆತ್ತಿ ಯಾವುದು, ತಗ್ಗು ಯಾವುದು ಎಂದು ಒಣಗಿದ ಎಲೆಗಳ ಅಡಿಯಲ್ಲಿ ಗೊತ್ತಾಗಲಿಲ್ಲ. ಅಂದಾಜಿನಲ್ಲಿ ಮೊಳೆ ಊರಿದೆ. ಅದು ತಗ್ಗು. ನೀರು ನೇರ ಮುಖಕ್ಕೇ ರಾಚಿ ಕನ್ನಡಕ ಹಾರಿಹೋಯಿತು.

ಕೆಳಗಿನಿಂದ ಅಮ್ಮ ಕೂಗಿದಳು: "ನೀರು ಬಂತೇನೋ?"

"ಬಂತು!"

"ಹಂಡೆಗೆ ಬರಲಿಲ್ಲವಲ್ಲೋ!"